ಚಹಾಕ್ಕೆ ಮೊದಲು, ಚಹಾದ ನಂತರ: ಒಂದು ಅಧ್ಯಯನ

ಗೊಂದಲಕ್ಕೆ ನಮ್ಮನೆ ವಿಳಾಸ ಚೆನ್ನಾಗಿ ಗೊತ್ತು. ಬೇರೆಯವರ ಮನೆಗೆ ಹೊರಟಿದ್ದರೂ ದಾರಿಯಲ್ಲಿ ನಮ್ಮಲ್ಲಿಗೆ ಬಂದೇ ಹೋಗುತ್ತದೆ. ನಾನು ಪಿಎಚ್.ಡಿ.ಗೆ ಸೇರಿದ ಮೇಲಂತೂ ಅದು ಹಾಸಿಗೆ ಸಮೇತ ಬಂದು ಬಿಡಾರ ಹೂಡಿತು.

ನಾನು ಹೈದರಾಬಾದಿನ ಅಮೀರ್‌ಪೇಟಿನ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ಪ್ರಿನ್ಸಿಪಾಲರು ಒಂದು ದಿನ ಕರೆದು, ಪಿಎಚ್.ಡಿ. ಇಲ್ಲದವರನ್ನು ಇನ್ನು ಇಟ್ಟುಕೊಳ್ಳುವುದು ಕಷ್ಟ ಅಂದರು. ಹಾಗಾಗಿ ಈ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾದೆ. ಏನನ್ನು ಸಂಶೋಧನೆ ಮಾಡುತ್ತೇನೆಂದು ಮೊದಲೇ ಬರೆದುಕೊಡಬೇಕು, ಅದಕ್ಕೆ ಸಿನಾಪ್ಸಿಸ್ ಅನ್ನುತ್ತಾರೆ. ನನ್ನದು ಸಮಿತಿಯಿಂದ ಒಮ್ಮೆ ವಾಪಸ್ ಬಂದಿತ್ತು. ಎರಡನೇ ಸಲವೂ ವಾಪಸ್ ಬಂದರೆ ನೋಂದಣಿ ರದ್ದು. ನೋಂದಣಿ ರದ್ದಾದರೆ ಕೆಲಸವೂ ಹೋದ ಹಾಗೇ. ಹೀಗೆ ಕುತ್ತಿಗೆಗೆ ಬಂದಾಗ ನಡೆದ ಕೆಲವು ಪ್ರಸಂಗಗಳು ಇವು.

ಸಮಗ್ರವಾಗಿ

ನಮ್ಮ ಗೈಡ್ ಉಡುಪಿ ಕಡೆಯವರು. ಹೈದರಾಬಾದಿಗೆ ಬಂದು ತಲೆಕೂದಲು ಬೆಳ್ಳಗಾದರೂ ಅವರ ಕನ್ನಡದ ಇಸ್ತ್ರಿ ಕೆಟ್ಟಿಲ್ಲ. ನಾವು ರಾಯಚೂರು ಜಿಲ್ಲೆಯವರು. ನಮ್ಮ ಮಾತಿನಲ್ಲಿ ಕನ್ನಡ, ಉರ್ದು, ತೆಲುಗು ಒಂದೇ ತಾಟಿನಲ್ಲಿ ಉಣ್ಣುತ್ತವೆ.

ಸಮಿತಿ ವಾಪಸ್ ಕಳಿಸಿದ ಸಿನಾಪ್ಸಿಸ್‌ಗೆ ನಾನಿಟ್ಟ ಹೆಸರು ‘ಹೈದರಾಬಾದಿನ ಕನ್ನಡಿಗರು: ಒಂದು ಅಧ್ಯಯನ’. ಯಾವುದರ ಮುಂದಾದರೂ ‘ಒಂದು ಅಧ್ಯಯನ’ ಎಂದು ಅಂಟಿಸಿದರೆ ಅದು ಪಿಎಚ್.ಡಿ. ಆಗುತ್ತದೆ ಎಂದು ನಂಬಿಕೊಂಡೇ ನಾನು ಇಷ್ಟು ವರ್ಷ ಪಾಠ ಮಾಡಿದ್ದೆ.

ಗೈಡ್ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೇಳಿದರು, “ಇದರಲ್ಲಿ ಪ್ರಶ್ನೆ ಎಲ್ಲಿದೆ ಮೇಡಂ? ಕನ್ನಡಿಗರು ಇದ್ದಾರೆ, ಸರಿ. ಹೈದರಾಬಾದು ಇದೆ, ಅದೂ ಸರಿ. ನಿಮಗೆ ಏನು ತಿಳಿಯಬೇಕಾಗಿದೆ?”

“ಎಲ್ಲಾ ತಿಳೀಬೇಕು ಸರ್.”

“ಎಲ್ಲ ತಿಳಿಯಬೇಕು ಅನ್ನುವುದು ಸಂಶೋಧನೆಯಲ್ಲ, ಕುತೂಹಲ. ಒಂದು ಪ್ರಶ್ನೆ ತನ್ನಿ.”

ವಾರವಿಡೀ ತಲೆ ಕೆಡಿಸಿಕೊಂಡೆ. ಒಗ್ಗರಣೆ ಹಾಕುವಾಗ, ಬಸ್ಸಿನಲ್ಲಿ ನಿಂತಾಗ, ಪರೀಕ್ಷಾ ಹಾಲಿನಲ್ಲಿ ಮೇಲ್ವಿಚಾರಣೆ ಮಾಡುವಾಗ ಅದೇ ಯೋಚನೆ. ಕೊನೆಗೆ ತಿದ್ದಿ ತಂದು ಅವರ ಮುಂದಿಟ್ಟೆ: ‘ಹೈದರಾಬಾದಿನ ಕನ್ನಡಿಗರು: ಒಂದು ಸಮಗ್ರ ಅಧ್ಯಯನ’.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. “ಮೊದಲು ಪ್ರಶ್ನೆ ಇರಲಿಲ್ಲ,” ಅಂದರು. “ಈಗ ಸಮಗ್ರವಾಗಿ ಇಲ್ಲ.”

ಹಾಲು ಉಕ್ಕಿದ್ದು

ಗೈಡಿಗೆ ನನ್ನ ಮೇಲೆ ಕನಿಕರ ಬಂದು ಬುಡದಿಂದಲೇ ಹೇಳಿಕೊಟ್ಟರು. ಒಂದು ಬದಲಾದರೆ ಇನ್ನೊಂದು ಬದಲಾಗುತ್ತದೆ ಅಂತ ನಮಗೆ ಅನ್ನಿಸಬೇಕು. ಯಾವುದರಿಂದ ಬದಲಾವಣೆ ಆಗುತ್ತದೋ ಅದು ಸ್ವತಂತ್ರ ಚರ. ಯಾವುದು ಬದಲಾಗುತ್ತದೋ ಅದು ಅವಲಂಬಿತ ಚರ. ಇವೆರಡಕ್ಕೂ ಹೀಗೆ ಸಂಬಂಧ ಇರಬಹುದು ಎಂದು ಪರೀಕ್ಷೆಗೆ ಮೊದಲೇ ಊಹಿಸಿ ಹೇಳುವುದು ಪ್ರಾಕ್ಕಲ್ಪನೆ. “ಮನೆಯಲ್ಲೇ ಒಂದು ಉದಾಹರಣೆ ಹುಡುಕಿ, ತಲೆಗೆ ಹತ್ತುತ್ತದೆ,” ಅಂದರು.

ಮನೆಯಲ್ಲಿ ನಮ್ಮ ಅತ್ತೆ ಇದ್ದಾರೆ. ಲಿಂಗಸೂಗೂರಿನವರು. ಅವರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. “ಅದ್ರಾಗೇನೈತಿ? ನೀ ಓದಾಕ ಕುಂತಾಗೆಲ್ಲ ಹಾಲು ಉಕ್ಕತೈತಿ. ಬರ್ಕೊ.”

ಸಿಟ್ಟು ಬಂದರೂ ಬರೆದುಕೊಂಡೆ, ಯಾಕೆಂದರೆ ಅದು ಅಚ್ಚುಕಟ್ಟಾದ ಪ್ರಾಕ್ಕಲ್ಪನೆಯಾಗಿತ್ತು. ನನ್ನ ಓದು ಸ್ವತಂತ್ರ ಚರ, ಹಾಲು ಉಕ್ಕುವುದು ಅವಲಂಬಿತ ಚರ. ಗೈಡಿಗೂ ಖುಷಿಯಾಯಿತು. “ಇನ್ನು ನೀವು ಓದದೆ ಇದ್ದ ದಿನ ಏನಾಗುತ್ತದೆ ನೋಡಿ. ಹೋಲಿಕೆ ಬೇಕಲ್ಲ.”

ಮರುದಿನ ಹಾಲಿಡುವ ಕೆಲಸ ಅತ್ತೆಗೆ ಬಿಟ್ಟು, ಪುಸ್ತಕ ಮುಟ್ಟದೆ ಹಾಲ್‌ನಲ್ಲಿ ಕೈಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ತಿರುಗಿ ನೋಡಿದರೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ನನ್ನ ಕಡೆ ಮುಖ ಮಾಡಿ ನಿಂತಿದ್ದಾರೆ, ಅವರ ಬೆನ್ನ ಹಿಂದೆ ಹಾಲು ಒಲೆಯೆಲ್ಲ ಹರಿದಿದೆ.

“ಅತ್ತಿ, ಇವತ್ತು ನಾ ಓದೇ ಇಲ್ಲಲ್ರಿ.”

“ಅದಕ್ಕ ಉಕ್ಕತು. ನೀ ಖರೇನ ಓದೂದಿಲ್ಲೋ ಏನು ಅಂತ ನಿನ್ನ ನೋಡ್ಕೋತ ನಿಂತಿದ್ನಿ.”

ಓದಿದರೂ ನಾನೇ ಕಾರಣ, ಓದದಿದ್ದರೂ ನಾನೇ ಕಾರಣ. ಗೈಡಿಗೆ ಹೋಗಿ ಹೇಳಿದೆ. ಅವರು ಗಂಭೀರವಾಗಿ, “ಹಾಗಾದರೆ ಓದನ್ನು ಬಿಟ್ಟುಬಿಡಿ ಮೇಡಂ,” ಅಂದರು. “ಈ ಪ್ರಯೋಗದಲ್ಲಿ ಏನೇ ಆದರೂ ಬದಲಾಗದೆ ಉಳಿದದ್ದು ಸೊಸೆ. ಬದಲಾಗದ್ದನ್ನು ಚರ ಅನ್ನುವುದಿಲ್ಲ. ನೀವು ಸ್ಥಿರ.”

ಹಾಸ್ಟೆಲಿನ ಗುಟ್ಟು

ಕಡೆಗೂ ನಿಜವಾದ ಒಂದು ಪ್ರಶ್ನೆ ಹೊಳೆಯಿತು. ಹೈದರಾಬಾದಿಗೆ ಬಂದ ಮೇಲೆ ಕನ್ನಡಿಗರು ಕನ್ನಡ ಮಾತಾಡುವುದು ಕಡಿಮೆಯಾಗುತ್ತದೆಯೇ? ಆಗುತ್ತದೆ ಎಂಬುದು ನನ್ನ ಪ್ರಾಕ್ಕಲ್ಪನೆ. ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲವೆಂದು ನನಗೆ ಧೈರ್ಯ. ಪರೀಕ್ಷೆಗೆಂದು ಕಾಲೇಜಿನ ಪಕ್ಕದ ಗಲ್ಲಿಯ ಲೇಡೀಸ್ ಹಾಸ್ಟೆಲಿಗೆ ಹೋದೆ. ಅಲ್ಲಿ ಬೆಂಗಳೂರಿನಿಂದ ಸಾಫ್ಟ್‌ವೇರ್ ಕೋರ್ಸ್ ಕಲಿಯಲು ಬಂದ ಇಬ್ಬರು ಹುಡುಗಿಯರಿದ್ದರು.

“ಇಲ್ಲಿಗೆ ಬಂದ ಮೇಲೆ ನಿಮ್ಮ ಕನ್ನಡ ಕಮ್ಮಿ ಆಗಿರಬೇಕಲ್ಲವಾ?”

“ಇಲ್ಲ ಮೇಡಂ, ಜಾಸ್ತಿ ಆಗಿದೆ. ಬೆಂಗಳೂರಲ್ಲಿ ನಾವು ಫ್ರೆಂಡ್ಸ್ ಜೊತೆ ಇಂಗ್ಲಿಷಲ್ಲೇ ಮಾತಾಡ್ತಿದ್ವಿ.”

ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಕೇಳಿದೆ, “ಮತ್ತೆ ಇಲ್ಲಿ?”

ಒಬ್ಬಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಇಲ್ಲಿ ವಾರ್ಡನ್ ಆಂಟಿಗೆ ಇಂಗ್ಲಿಷ್ ಬರುತ್ತೆ, ಹಿಂದಿ ಬರುತ್ತೆ, ತೆಲುಗು ಬರುತ್ತೆ. ಅವರ ಸಾಂಬಾರನ್ನ ಬೈಯೋಕೆ ನಮಗೆ ಉಳಿದಿರೋದು ಕನ್ನಡ ಒಂದೇ. ದಿನಾ ಊಟದ ಟೈಮಲ್ಲಿ ಅವರೆದುರೇ ಬೈತೀವಿ.”

ನನ್ನ ಪ್ರಾಕ್ಕಲ್ಪನೆ ಕುಸಿದು ಬಿದ್ದ ಶಬ್ದ ನನಗೇ ಕೇಳಿಸಿತು. ಅದನ್ನು ಹೇಳಿದಾಗ ಗೈಡ್ ಮಾತ್ರ ಹಿಗ್ಗಿದರು. ಸುಳ್ಳಾಗುವ ಸಾಧ್ಯತೆ ಇರುವುದೇ ಒಳ್ಳೆಯ ಪ್ರಾಕ್ಕಲ್ಪನೆಯಂತೆ. ಹಾಗಿದ್ದರೆ ನನ್ನ ಇಡೀ ಬದುಕೇ ಒಳ್ಳೆಯ ಪ್ರಾಕ್ಕಲ್ಪನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆದರೆ ಆವತ್ತು ಹಾಸ್ಟೆಲಿನಿಂದ ಹೊರಡುವಾಗ ಇನ್ನೊಂದು ನಡೆಯಿತು. ಮೆಟ್ಟಿಲ ಹತ್ತಿರ ವಾರ್ಡನ್ ಆಂಟಿ ಕೊತ್ತಂಬರಿ ಸೋಸುತ್ತ ಕೂತಿದ್ದರು. ನಾನು ತೆಲುಗಿನಲ್ಲಿ ‘ಬರುತ್ತೇನೆ’ ಅಂದೆ. ಅವರು ತಲೆಯೆತ್ತಿ, “ಹೋಗಿ ಬರ್ರಿ ಮೇಡಮ್ಮರ. ಸಾಂಬಾರದ ಸುದ್ದಿ ಎಲ್ಲಾ ಬರ್ಕೊಂಡ್ರಿಲ್ಲೋ?” ಅಂದರು. “ನಂದೂ ರಾಯಚೂರ ಕಡೀನ ಐತ್ರಿ, ಮಾನ್ವಿ.”

ಹ್ಯಾಂಗ ಬರಬೇಕು ಉತ್ತರ

ಇಬ್ಬರನ್ನು ಕೇಳಿ ಬಿಟ್ಟರೆ ಆಗದು, ಸಂಸಾರಸ್ಥರನ್ನೂ ಕೇಳಿ ಎಂದರು ಗೈಡ್. ಸುಲ್ತಾನ್ ಬಜಾರಿನ ಹಿಂದಿನ ಒಂದು ಗಲ್ಲಿಯಲ್ಲಿ ನಮ್ಮ ಕಡೆಯ ಜನ ಬಹಳ. ಅತ್ತೆಗೆ ಅಲ್ಲಿ ಮನೆಮನೆಯೂ ಪರಿಚಯ. ಅವರನ್ನು ಮುಂದಿಟ್ಟುಕೊಂಡು ಹೊರಟೆ.

ಪ್ರತಿ ಮನೆಯಲ್ಲೂ ಮೊದಲು ಚಹಾ. ಆಮೇಲೆ ನನ್ನ ಪ್ರಶ್ನೆ: “ಇಲ್ಲಿಗೆ ಬಂದ ಮ್ಯಾಲ ಮನ್ಯಾಗ ಕನ್ನಡ ಕಡಿಮಿ ಆಗೈತೇನ್ರಿ?” ಹೌದು, ಹೌದು, ಭಾಳ ಕಡಿಮಿ ಆಗೈತ್ರಿ. ಒಂದು ಮನೆಯೂ ಬಿಡದೆ ಎಲ್ಲರದೂ ಹೌದು. ಅದನ್ನೂ ಅವರು ಶುದ್ಧ ಕನ್ನಡದಲ್ಲೇ ಹೇಳಿದರು. ನಾನು ಕುಣಿಯುತ್ತ ಗೈಡ್ ಹತ್ತಿರ ಹೋದೆ. ಅವರಿಗೆ ಯಾಕೋ ಅನುಮಾನ. ಪ್ರಶ್ನೆಯನ್ನು ತಿರುಗಿಸಿ ಅದೇ ಗಲ್ಲಿಯಲ್ಲಿ ಮತ್ತೆ ಕೇಳಿ ಬನ್ನಿ ಅಂದರು.

ಮುಂದಿನ ವಾರ ಹೋಗಿ, ಚಹಾ ಕುಡಿದು, ಕನ್ನಡ ಹೆಚ್ಚಾಗಿದೆಯೇ ಎಂದು ಕೇಳಿದೆ. ಹೌದು, ಹೌದು, ಭಾಳ ಹೆಚ್ಚಾಗೈತ್ರಿ.

ಮೂಲೆಮನೆಯ ಅಕ್ಕನವರ ಹತ್ತಿರ ತಡೆಯಲಾಗಲಿಲ್ಲ. “ಅಕ್ಕಾರ, ಹೋದ ವಾರ ಕಡಿಮಿ ಆಗೈತಿ ಅಂದ್ರಲ್ರಿ?”

“ಹೋದ ವಾರ ನಿಮಗ ಕಡಿಮಿ ಬೇಕಾಗಿತ್ತಲ್ರಿ,” ಅಂದರು ಅವರು ಬೇಸರವೇ ಇಲ್ಲದೆ. “ಪಾಪ, ಬಿಸಲಾಗ ಬಂದೀರಿ, ಮನ್ಯಾಗ ಚಾ ಕುಡದೀರಿ. ನಿಮಗ ಇಲ್ಲ ಅನ್ನೂದು ಹ್ಯಾಂಗ್ರಿ? ಮುಂದಿನ ವಾರ ಹ್ಯಾಂಗ ಬರಬೇಕು ಉತ್ತರ, ಈಗ ಹೇಳಿ ಹೋಗ್ರಿ.”

ನನಗೆ ಅಳು ಬರುವುದೊಂದು ಬಾಕಿ. ಗೈಡ್ ಮಾತ್ರ ಕುರ್ಚಿಯಿಂದ ಎದ್ದೇ ನಿಂತರು. “ಮೇಡಂ, ಇದೇ ನಿಮ್ಮ ವಿಷಯ. ಕನ್ನಡವನ್ನು ಬಿಡಿ, ಚಹಾವನ್ನು ಹಿಡಿಯಿರಿ. ಜೊತೆಗೆ ಕೂತು ಚಹಾ ಕುಡಿದ ಮೇಲೆ ಜನ ‘ಹೌದು’ ಅನ್ನುವುದು ಹೆಚ್ಚಾಗುತ್ತದೆ. ಚಹಾ ಸ್ವತಂತ್ರ ಚರ, ‘ಹೌದು’ ಅವಲಂಬಿತ ಚರ. ಚಹಾಕ್ಕೆ ಮೊದಲು ಕೇಳಿದರೆ ಏನು ಹೇಳುತ್ತಾರೆ, ಅದನ್ನೊಂದು ನೋಡಿ.”

ಚಹಾಕ್ಕೆ ಮೊದಲು ಕೇಳಲು ಆ ಗಲ್ಲಿಯಲ್ಲಿ ಯಾರೂ ಬಿಡಲಿಲ್ಲ. ಒಳಗೆ ಹೋದರೆ ತಾನೇ ಚಹಾ ಎಂದು ಹೊಸ್ತಿಲಾಚೆಯೇ ನಿಂತು ಪ್ರಶ್ನೆ ಶುರುಮಾಡಿದೆ. ಅಕ್ಕನವರು ಕಪ್ಪನ್ನು ಬೀದಿಗೇ ತಂದರು.

ಸಕ್ಕರೆ

ಚಹಾದ ಮೇಲೆ ಬರೆದ ಹೊಸ ಸಿನಾಪ್ಸಿಸ್ ಸಮಿತಿಯ ಮುಂದೆ ಹೋಗುವ ದಿನ ಬಂತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಸಮಿತಿಯವರ ಚಹಾ-ಬಿಸ್ಕತ್ತಿನ ವ್ಯವಸ್ಥೆ ಅಭ್ಯರ್ಥಿಯದು. ಅತ್ತೆ ಬೆಳಿಗ್ಗೆಯೇ ಚಹಾ ಮಾಡಿ ದೊಡ್ಡ ಫ್ಲಾಸ್ಕಿಗೆ ತುಂಬಿದರು. ನಾನು ಆಟೋದಲ್ಲಿ ಚೆಲ್ಲುತ್ತೇನೆಂದು ತಾವೇ ಹಿಡಿದುಕೊಂಡು ಬಂದು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತರು.

ಗೈಡ್ ನನ್ನನ್ನು ಪಕ್ಕಕ್ಕೆ ಕರೆದು ಎಚ್ಚರಿಸಿದರು. “ತೀರ್ಮಾನ ಆಗುವವರೆಗೆ ಚಹಾ ಒಳಗೆ ಬರಕೂಡದು. ಇಲ್ಲದಿದ್ದರೆ ನಿಮ್ಮ ಪ್ರಾಕ್ಕಲ್ಪನೆಯನ್ನು ಸಮಿತಿಯ ಮೇಲೆಯೇ ಪ್ರಯೋಗ ಮಾಡಿದಂತಾಗುತ್ತದೆ.”

ಕೋಣೆಯಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ತಜ್ಞರೊಬ್ಬರಿದ್ದರು, ಹೋದ ಸಲ ನನ್ನದನ್ನು ವಾಪಸ್ ಮಾಡಿದವರು ಅವರೇ. ತೆಲುಗಿನವರು, ಬಿಗಿ ಮುಖ. ಕೂತ ತಕ್ಷಣ ಕೇಳಿದರು, “ನಿಮ್ಮ ಸ್ವತಂತ್ರ ಚರ ಯಾವುದು?”

ವಾರದಿಂದ ಉರು ಹೊಡೆದದ್ದು ಆ ಮುಖ ನೋಡಿ ತಲೆಕೆಳಗಾಯಿತು. “ಹೌದು ಅನ್ನೋದು ಸರ್. ಚಹಾ ಅವಲಂಬಿತ.”

“ಅಂದರೆ ಜನ ಹೌದು ಅಂದರೆ ಚಹಾ ಬರುತ್ತದೆಯೇ?”

“ಇನ್ನೊಂದು ಕಪ್ ಬರುತ್ತದೆ ಸರ್.”

ಗೈಡ್ ಕಣ್ಣು ಮುಚ್ಚಿಕೊಂಡರು. ತಜ್ಞರು ಹಾಳೆಗಳನ್ನು ದೂರ ತಳ್ಳಿದರು. “ನಾನು ಇಂಥ ಎಷ್ಟೋ ಸಮಿತಿಗಳಲ್ಲಿ ಕೂತಿದ್ದೇನೆ. ಎಲ್ಲ ಕಡೆಯೂ ಚಹಾ ಕೊಟ್ಟಿದ್ದಾರೆ. ಒಮ್ಮೆಯೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಇದು ಸಂಶೋಧನೆಯ ವಿಷಯವೇ ಅಲ್ಲ.” ಪೆನ್ನಿನ ಮುಚ್ಚಳ ತೆಗೆದರು. ನನ್ನ ಕಣ್ಣ ಮುಂದೆ ಪ್ರಿನ್ಸಿಪಾಲರ ಮುಖ ಬಂತು. ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಚಹಾ ಆರುತ್ತದೆಂಬ ಸಂಕಟಕ್ಕೆ ಅತ್ತೆ ಫ್ಲಾಸ್ಕ್ ಸಮೇತ ಒಳಗೆ ಬಂದುಬಿಟ್ಟಿದ್ದರು. ತಜ್ಞರ ಮುಖ ನೋಡಿದವರೇ ತಮಗೆ ಗೊತ್ತಿದ್ದ ಹಿಂದಿಯಲ್ಲಿ, “ಪೈಲೇ ಚಾ ಪಿಯೋ ಸಾಬ್, ಗುಸ್ಸಾ ಬಾದ್ ಮೇ ಕರೋ,” ಅಂದರು. ಮೊದಲು ಚಹಾ, ಸಿಟ್ಟು ಆಮೇಲೆ. ಬೇಡ ಎಂದು ಎತ್ತಿದ ಕೈಯಲ್ಲೇ ಕಪ್ ಇಟ್ಟರು.

ತಜ್ಞರು ಒಂದು ಗುಟುಕು ಕುಡಿದರು. ಕಪ್ಪಿನೊಳಗೆ ನೋಡಿದರು. ಇನ್ನೊಂದು ಗುಟುಕು. ಕಪ್ ಖಾಲಿಯಾಯಿತು, ತಾವೇ ಮುಂದೆ ಚಾಚಿದರು. ಗೈಡೂ ಕುಡಿದರು. “ಚಲೋ ಆಗೈತೇನ್ರಿ ಸರ?” ಎಂದು ಅತ್ತೆ ಗೈಡನ್ನು ಕೇಳಿದ್ದಕ್ಕೆ, “ಹೌದು, ಬಹಳ ಚೆನ್ನಾಗಿದೆ,” ಅಂದರು.

ಎರಡನೇ ಕಪ್ಪು ಮುಗಿಯುವಾಗ ತಜ್ಞರು ಹಾಳೆಗಳನ್ನು ಹತ್ತಿರ ಎಳೆದುಕೊಂಡಿದ್ದರು. “ವಿಷಯದಲ್ಲಿ ಹೊಸತನವಿದೆ. ಚರಗಳನ್ನು ಸರಿಯಾದ ಜಾಗದಲ್ಲಿಟ್ಟರೆ ಸಾಕು. ಮಾಡಲಿ ಬಿಡಿ.”

ನಮ್ಮ ಗೈಡಿಗೆ ಸುಮ್ಮನಿರಲು ಬರುವುದಿಲ್ಲ. “ಸರ್, ಚಹಾಕ್ಕೆ ಮೊದಲು ನೀವು ಬೇಡ ಅಂದಿದ್ದಿರಿ,” ಅಂದರು.

“ನಾನು ಒಪ್ಪಿದ್ದು ಚಹಾದಿಂದ ಅಲ್ಲ.”

“ಹಾಗಾದರೆ ಇವರ ಪ್ರಾಕ್ಕಲ್ಪನೆ ಸುಳ್ಳಾಯಿತು.”

“ಸುಳ್ಳಾಗಿದ್ದರೆ ನಾನು ಒಪ್ಪುವುದು ಹೇಗೆ?”

“ಆದರೆ ಒಪ್ಪಿದ್ದೀರಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಆ ಗೊಂದಲ ನನ್ನ ಹಳೆಯ ಪರಿಚಯದ್ದು. ಅವರು ಅದರಿಂದ ಹೊರಗೆ ಬರುವ ಮೊದಲೇ ನಾನು ಸಹಿಯ ಹಾಳೆಯನ್ನು ಮುಂದೆ ಸರಿಸಿದೆ. ತಜ್ಞರು ಸಹಿ ಹಾಕಿದರು. ನನ್ನ ಕೆಲಸ ಉಳಿಯಿತು. ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು.

ಹೊರಡುವಾಗ ತಜ್ಞರು ಅತ್ತೆಗೆ ಕೈಮುಗಿದರು. “ಅಮ್ಮಾ, ನನಗೆ ಸಕ್ಕರೆ ಕಾಯಿಲೆ ಇದೆ ಅಂತ ನಿಮಗೆ ಯಾರು ಹೇಳಿದರು? ಇಷ್ಟು ವರ್ಷಗಳಲ್ಲಿ ಸಕ್ಕರೆ ಇಲ್ಲದ ಚಹಾ ಕೊಟ್ಟ ಸಮಿತಿ ಇದೊಂದೇ.”

ಅವರು ಹೋದ ಮೇಲೆ ಗೈಡ್ ತಮ್ಮ ಕಪ್ಪಿನ ತಳ ನೋಡುತ್ತ ನಿಂತರು. “ಹೌದು, ಸಕ್ಕರೆಯೇ ಇರಲಿಲ್ಲ,” ಅಂದರು ಸಣ್ಣ ದನಿಯಲ್ಲಿ. ಆಮೇಲೆ ಹಣೆ ಒತ್ತಿಕೊಂಡರು. “ಹಾಗಾದರೆ ಅವರ ಮನಸ್ಸು ಬದಲಾಯಿಸಿದ್ದು ಚಹಾವೋ, ಸಕ್ಕರೆ ಇಲ್ಲದ್ದೋ?”

“ಎರಡೂ ಅಲ್ರಿ ಸರ,” ಅಂದರು ಅತ್ತೆ, ಕಪ್ಪುಗಳನ್ನು ಚೀಲಕ್ಕೆ ತುಂಬುತ್ತ. “ಮುಂಜಾನೆ ಈಕಿ ಓದಾಕತ್ತಿದ್ಲು. ಹಾಲು ಉಕ್ಕತೈತಿ ಅಂತ ನಾ ಹಾಲಿನ ಪಾತೇಲಿ ಮ್ಯಾಲಿಂದ ಕಣ್ಣು ಕದಲಿಸಲಿಲ್ಲ. ಹಾಲು ಉಕ್ಕಲಿಲ್ಲ, ಸಕ್ಕರಿ ಹಾಕೂದು ಮರ್ತಬಿಟ್ನಿ.”

ಗೈಡ್ ನನ್ನ ಕಡೆ ತಿರುಗಿದರು. “ಮೇಡಂ,” ಅಂದರು, “ಅವತ್ತೇ ಹೇಳಿದ್ದೆನಲ್ಲ. ನೀವು ಸ್ಥಿರ.”