ಮೂರೇ ಸ್ಟೇಷನ್ನು, ಎರಡೇ ಪಾಸು

ಸಿಂಗಪುರದಿಂದ ಬಂದು ಎರಡು ತಿಂಗಳಾಯಿತು. ಇನ್ನೂ ನಾನು ಚಿತ್ರದುರ್ಗದಲ್ಲಿ ಬಸ್ಸು ಹತ್ತಿದರೆ ಪರಿಚಯದವರು ಯಾರಾದರೂ ಒಬ್ಬರು ತಿರುಗಿ ನೋಡಿ, "ಮೇಷ್ಟ್ರೇ, ಎಲ್ಲಿ ಇಳೀಬೇಕು ಅಂತ ಗೊತ್ತೈತೇನ್ರಿ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ಮುಕ್ಕಾಲು ಪಾಲು ನನ್ನ ಶಿಷ್ಯರೇ. ಹೊಳಲ್ಕೆರೆಯಲ್ಲಿ ಮೂವತ್ನಾಲ್ಕು ವರ್ಷ ಅವರಿಗೆ ಅಕ್ಷಾಂಶ, ರೇಖಾಂಶ, ಭೂಮಧ್ಯರೇಖೆಗಳನ್ನು ಕಲಿಸಿದವನು ನಾನು! ನನ್ನ ಕಥೆಯನ್ನು ಊರಿಗೆಲ್ಲ ಹಂಚಿದವರು ಯಾರೆಂದು ನಾನು ಹೇಳುವುದಿಲ್ಲ. (ಈ ಸಾಲು ಬರೆಯುವ ಹೊತ್ತಿನಲ್ಲಿ ಅವರು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ.) ಅವರ ಬಾಯಲ್ಲಿ ಅದು ದಿನಕ್ಕೊಂದು ಅಧ್ಯಾಯ ಬೆಳೆಯುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುವುದು ಲೇಸು.

ನನ್ನ ಹೆಂಡತಿ ವೀರಮ್ಮನಿಗೆ ಒಬ್ಬನೇ ತಮ್ಮ, ಬಸವೇಶ. ಸಿಂಗಪುರದಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿ ಸೇರಿ ಈಗ ಹತ್ತು ಜನರ ಮೇಲೆ ಮೇಸ್ತ್ರಿಯಾಗಿದ್ದಾನೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವನಿಗೂ ಮಮತಾಳಿಗೂ ಒಂದು ಹೆಣ್ಣು ಕೂಸು ಹುಟ್ಟಿತು. ನಮ್ಮಲ್ಲಿ ನಾಮಕರಣವೆಂದರೆ ಸೋದರತ್ತೆಯದೇ ದರ್ಬಾರು. ಅಪ್ಪನ ಅಕ್ಕ ಬಂದು ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರಬೇಕು. ಆ ಪುಟ್ಟ ಕಿವಿಗಾಗಿ ವೀರಮ್ಮ ಹನ್ನೊಂದು ವರ್ಷ ಕಾದಿದ್ದಳು. ಸುದ್ದಿ ಬಂದ ಮೇಲೆ ಮಧ್ಯಾಹ್ನದ ಹೊತ್ತು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ದಿಂಬಿಗೆ ಏನೋ ಉಸುರುತ್ತಿದ್ದಳು. ಬಾಗಿಲ ಸಂದಿಯಿಂದ ಕಂಡು ನಾನು ನಕ್ಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಹೆಸರೇನೆಂದು ನನಗೂ ಹೇಳಲಿಲ್ಲ.

ಮುಹೂರ್ತ ಭಾನುವಾರ ಬೆಳಗಿನ ಹನ್ನೊಂದೂವರೆಗೆ. ನಮ್ಮ ವಿಮಾನ ಇಳಿಯುವುದು ಅದೇ ಭಾನುವಾರ ಏಳಕ್ಕೆ.

"ಒಂದು ದಿನ ಮುಂಚೆ ಹೋಗಾಣ ಕಣ್ರಿ," ಎಂದಳು ವೀರಮ್ಮ.

"ನಾಲ್ಕೂವರೆ ಗಂಟೆ ಸಮಯವಿದೆ. ಅಷ್ಟರಲ್ಲಿ ದುರ್ಗದಿಂದ ಬೆಂಗಳೂರನ್ನೇ ಮುಟ್ಟಬಹುದು," ಎಂದೆ.

ಬಸವೇಶ ಫೋನು ಮಾಡಿ, "ಭಾವ, ನಾನು ಟ್ಯಾಕ್ಸಿ ತಗಂಡು ಏರ್‌ಪೋರ್ಟಿಗೆ ಬರ್ತೀನಿ," ಎಂದ. ಆಗಲೇ ನೋಡಿ ನನ್ನ ತಲೆಯಲ್ಲಿ ಆ ದಿವ್ಯ ವಿಚಾರ ಮೊಳೆತದ್ದು. ಜಗತ್ತಿನ ಭೂಪಟವನ್ನು ಸೀಮೆಸುಣ್ಣದಲ್ಲಿ ಕಣ್ಣು ಮುಚ್ಚಿ ಬರೆಯುತ್ತಿದ್ದವನನ್ನು ಕರೆದುಕೊಂಡು ಹೋಗಲು ಭಾವಮೈದುನ ಬರಬೇಕೆ? "ಬೇಡಪ್ಪ. ನೀನು ಮನೆಯಲ್ಲಿ ತೋರಣ ಕಟ್ಟು. ನಾವು ಮೆಟ್ರೋದಲ್ಲಿ ಬರುತ್ತೇವೆ. ಯಾರನ್ನೂ ಒಂದು ಮಾತೂ ಕೇಳದೆ ನಿನ್ನ ಬಾಗಿಲು ತಟ್ಟುತ್ತೇನೆ, ನೋಡುತ್ತಿರು," ಎಂದುಬಿಟ್ಟೆ.

ದಾರಿಯೇನು ಮಹಾ? ವಿಮಾನ ನಿಲ್ದಾಣದಲ್ಲಿ ಹತ್ತಬೇಕು, ಎರಡನೆಯ ಸ್ಟೇಷನ್ನಿನಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು, ಅಲ್ಲಿಂದ ಮುಂದಿನದೇ ಬೆಡೋಕ್. ಅಲ್ಲಿಂದ ಬಸವೇಶನ ಮನೆಗೆ ಐದು ನಿಮಿಷ. ಒಟ್ಟು ಮೂರು ಸ್ಟೇಷನ್ನು. ದುರ್ಗದಿಂದ ಭೀಮಸಮುದ್ರಕ್ಕೆ ಹೋಗುವಷ್ಟು ದೂರವೂ ಇಲ್ಲ. ಆ ಮೂರು ಸ್ಟೇಷನ್ನಿಗಾಗಿ ನಾನು ಒಂದು ತಿಂಗಳು ವ್ಯಾಸಂಗ ಮಾಡಿದೆ. ಅಲ್ಲಿ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಪಾಸನ್ನು ಗೇಟಿಗೆ ತಾಗಿಸಬೇಕಂತೆ. ಅಭ್ಯಾಸವಾಗಲೆಂದು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒಂದು ಸೋಪಿನ ಡಬ್ಬಿ ಅಂಟಿಸಿ, ವೀರಮ್ಮನ ಕೈಗೆ ರೇಷನ್ ಕಾರ್ಡು ಕೊಟ್ಟೆ.

"ಒಳಗೆ ಹೋಗುವಾಗ ತಾಗಿಸು. ಹೊರಗೆ ಬರುವಾಗ ತಾಗಿಸು."

"ಸಾರು ಉಕ್ತಾ ಐತ್ರಿ!"

"ಉಕ್ಕಲಿ. ನಿಯಮವೆಂದರೆ ನಿಯಮ."

ನಾಲ್ಕು ದಿನ ತಾಗಿಸಿದಳು. ಐದನೆಯ ದಿನ ನಾನು ಕಾಫಿ ಕೇಳಿದಾಗ, "ನಿಮ್ಮ ಕಾರ್ಡು ಎಲ್ಲೈತೆ? ಕಾರ್ಡಿಲ್ದೆ ಕಾಫಿ ಇಲ್ಲ," ಎಂದಳು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಮಹಾದೇವಮ್ಮ ಇದೇನೋ ಹೊಸ ವ್ರತವಿರಬೇಕೆಂದು ಸೋಪಿನ ಡಬ್ಬಿಗೆ ಕೈಮುಗಿದು ಹೋದರು.

ಅಂತೂ ಸಿಂಗಪುರದಲ್ಲಿ ಇಳಿದೆವು. ಮೂರು ದಿನದ ಪಾಸು ಕೊಡುವ ಕಿಟಕಿಯ ಮುಂದೆ ನಿಂತೆವು. ನಾನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷ್ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದಗಳ ಸಮೇತ ಒಪ್ಪಿಸುತ್ತಿರುವಾಗಲೇ ವೀರಮ್ಮ ತನ್ನ ಆಧಾರ್ ಕಾರ್ಡನ್ನು ಕಿಟಕಿಯೊಳಗೆ ತೂರಿಸಿದಳು.

"ಲೇ, ಏನು ಮಾಡ್ತಿದ್ದೀಯೆ?"

"ಹೆಂಗಸ್ರಿಗೆ ಫ್ರೀ ಅಲ್ವೇನ್ರಿ?"

"ಇದು ದುರ್ಗ–ಹಿರಿಯೂರು ಬಸ್ಸಲ್ಲ ಕಣೆ!"

"ಕೇಳಿದ್ರೆ ಗಂಟೇನು ಹೋಗ್ತದೆ? ಇಲ್ಲ ಅಂದ್ರೆ ವಾಪಸ್ ಇಸ್ಕಳಾದು."

ಕಿಟಕಿಯ ಹುಡುಗಿ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, ವೀರಮ್ಮನ ಮುಖ ನೋಡಿ, "ಬ್ಯೂಟಿಫುಲ್!" ಎಂದು ನಕ್ಕು ಹಿಂದಿರುಗಿಸಿದಳು. ಆಧಾರ್ ಕಾರ್ಡಿನ ಫೋಟೋವನ್ನು ಚೆನ್ನಾಗಿದೆ ಎಂದ ಪ್ರಥಮ ಮನುಷ್ಯಪ್ರಾಣಿ ಆಕೆಯೇ ಇರಬೇಕು.

ಎರಡು ಪಾಸುಗಳು ಕೈಗೆ ಬಂದವು. ಅವಳಿ ಮಕ್ಕಳ ಹಾಗೆ, ಯಾವುದು ಯಾವುದೆಂದು ಹೇಳುವಂತಿರಲಿಲ್ಲ. ವೀರಮ್ಮ ಒಂದನ್ನು ತಾಗಿಸಿದಳು, ಗೇಟು ತೆರೆಯಿತು. ನಾನು ಇನ್ನೊಂದನ್ನು ತಾಗಿಸಿದೆ, ತೆರೆಯಿತು. ನಮ್ಮ ಸೋಪಿನ ಡಬ್ಬಿಯ ತರಬೇತಿಗೆ ಜಯವಾಗಲಿ! ಒಳಗೆ ಬಂದೊಡನೆ, "ಕೊಡು ಇಲ್ಲಿ, ಕಳೆದುಬಿಡ್ತೀಯ," ಎಂದು ಅವಳ ಪಾಸನ್ನೂ ಇಸಿದುಕೊಂಡು, ಎರಡನ್ನೂ ಒಳಜೇಬಿನಲ್ಲಿಟ್ಟು ಮೇಲೆ ಪಿನ್ನು ಹಾಕಿದೆ. ಇದ್ದ ಒಂದೇ ಮೊಬೈಲೂ ನನ್ನ ಜೇಬಿನಲ್ಲೇ ಇತ್ತು. ಅದಕ್ಕೆ ಅಲ್ಲಿಯ ಸಿಮ್ ಹಾಕಿಸಿರಲಿಲ್ಲ. ಯಾರನ್ನೂ ಕೇಳದೆ ಹೋಗುವವನಿಗೆ ಸಿಮ್ ಏಕೆ?

ಎರಡನೆಯ ಸ್ಟೇಷನ್ನಿನಲ್ಲಿ ಇಳಿದೆವು. ಇಲ್ಲಿಯವರೆಗೆ ನನ್ನ ವ್ಯಾಸಂಗದಲ್ಲಿ ಒಂದು ಅಕ್ಷರದೋಷವೂ ಇರಲಿಲ್ಲ.

ನಮ್ಮ ಕಡೆಯ ಬಸ್ಸುಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಹೆಂಗಸರು ಮುಂದಿನ ಬಾಗಿಲಲ್ಲಿ, ಗಂಡಸರು ಹಿಂದಿನ ಬಾಗಿಲಲ್ಲಿ. ಕಂಡಕ್ಟರ್ ಟಿಕೆಟ್ ಕೇಳಿದರೆ ಮುಂದಿನವರು ತಿರುಗಿಯೂ ನೋಡದೆ, "ಹಿಂದೆ ನಮ್ಮ ಯಜಮಾನ್ರು ಅವ್ರೆ," ಎನ್ನುತ್ತಾರೆ. ನಮ್ಮ ಮದುವೆಯಾದ ಮೂವತ್ತೊಂದು ವರ್ಷವೂ ನಾವು ಹೀಗೆಯೇ ಪ್ರಯಾಣ ಮಾಡಿದ್ದೇವೆ. ಹಾಗಾಗಿ ಗಾಡಿ ಬಂದ ಸದ್ದು ಕೇಳಿದ್ದೇ ತಡ, ಒಂದು ಮಾತೂ ಆಡದೆ ಅವಳು ಕೈಚೀಲ ಹಿಡಿದು ಮುಂದಕ್ಕೆ ಓಡಿದಳು, ನಾನು ಚಕ್ರದ ಪೆಟ್ಟಿಗೆ ಎಳೆದುಕೊಂಡು ಹಿಂದಕ್ಕೆ ಓಡಿದೆ. ಬಂದದ್ದು ಎರಡು ಗಾಡಿ, ಕಟ್ಟೆಯ ಅತ್ತ ಪಕ್ಕ ಒಂದು, ಇತ್ತ ಪಕ್ಕ ಒಂದು ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ನಾನು ಒಂದರ ಹಿಂದಿನ ಬಾಗಿಲಲ್ಲಿ ಹತ್ತಿ, ಸೀಟು ಸಿಕ್ಕಿತೆಂದು ಸಂತೋಷಪಟ್ಟು ಕಣ್ಣು ಮುಚ್ಚಿದೆ. ಮುಂದಿನ ಬಾಗಿಲಲ್ಲಿ ಅವಳಿದ್ದಾಳೆ, ಹಿಂದೆ ನಾನಿದ್ದೇನೆ, ಟಿಕೆಟ್ಟು ನನ್ನಲ್ಲಿದೆ. ಸಂಸಾರಕ್ಕೆ ಇನ್ನೇನು ಬೇಕು?

ಕಣ್ಣು ಬಿಟ್ಟಾಗ ಸುತ್ತಲೂ ದೊಡ್ಡ ದೊಡ್ಡ ಪೆಟ್ಟಿಗೆಗಳು. ಹೊರಗಿನ ಫಲಕದಲ್ಲಿ ವಿಮಾನದ ಚಿತ್ರ. ಈ ಊರಿನಲ್ಲಿ ಇನ್ನೊಂದು ವಿಮಾನ ನಿಲ್ದಾಣವೂ ಇದೆ ಎಂದುಕೊಂಡೆ. ಇಳಿದು ನೋಡಿದರೆ ನಾವು ಬೆಳಿಗ್ಗೆ ಹತ್ತಿದ್ದ ಸ್ಟೇಷನ್ನೇ! ಮುಂದಿನ ಬಾಗಿಲುಗಳಿಂದ ಎಲ್ಲರೂ ಇಳಿದರು, ವೀರಮ್ಮ ಇಳಿಯಲಿಲ್ಲ.

ತಿರುಗಿ ಅದೇ ದಾರಿ ಹಿಡಿದೆ. ಗಾಡಿ ಬದಲಿಸುವ ಸ್ಟೇಷನ್ನಿನಲ್ಲಿ ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಅವಳಿಲ್ಲ. ಗಾಬರಿಯಲ್ಲಿ ಎದುರಿಗೆ ಬಂದ ಗಾಡಿ ಹತ್ತಿದೆ. ಅದು ಪಶ್ಚಿಮಕ್ಕೆ ಹೋಗುವ ಬದಲು ಪೂರ್ವಕ್ಕೆ ಓಡಿ ಕಡೆಯ ಸ್ಟೇಷನ್ನಿನಲ್ಲಿ ನನ್ನನ್ನು ಇಳಿಸಿತು. ಎಷ್ಟೋ ಮಕ್ಕಳಿಗೆ ದಿಕ್ಕು ತೋರಿಸಿದ ತಪ್ಪಿಗೆ ಇದೇ ಶಿಕ್ಷೆ ಇರಬೇಕು. ಪಕ್ಕದಲ್ಲಿದ್ದ ಯಾರನ್ನಾದರೂ ಕೇಳಬಹುದಿತ್ತು. ಎರಡು ಸಲ ಬಾಯಿಯನ್ನೂ ತೆರೆದೆ. ಆದರೆ 'ಯಾರನ್ನೂ ಕೇಳುವುದಿಲ್ಲ' ಎಂದು ಬಸವೇಶನಿಗೆ ಹೇಳಿದ ಮಾತು ಗಂಟಲಲ್ಲಿ ಅಡ್ಡ ಕೂತಿತ್ತು. ಬಾಯಿ ತೆರೆದದ್ದಕ್ಕೆ ಆಕಳಿಸಿದಂತೆ ಮಾಡಿದೆ.

ಕೊನೆಗೂ ಬೆಡೋಕ್ ಮುಟ್ಟಿದಾಗ ಹತ್ತೂ ಮುಕ್ಕಾಲು. ಪಿನ್ನು ಬಿಚ್ಚಿ ಒಂದು ಪಾಸು ತಾಗಿಸಿದೆ. ಗೇಟು ತೆರೆಯಿತು. ಆ ಕ್ಷಣದಲ್ಲಿ, ಇದು ನನ್ನದೋ ಅವಳದೋ ಎಂಬ ಸಂಶಯ ಬಂದು, ಅಲ್ಲೇ ನಿಂತು ಎರಡನ್ನೂ ತಿರುಗಿಸಿ ಮುರುಗಿಸಿ ಪರೀಕ್ಷಿಸತೊಡಗಿದೆ. ಪರೀಕ್ಷೆ ಮುಗಿಯುವುದರೊಳಗೆ ಗೇಟು ಮುಚ್ಚಿಕೊಂಡಿತು. ಪುನಃ ತಾಗಿಸಿದರೆ ಕೆಂಪು ದೀಪ.

ಈಗ ಪರಿಸ್ಥಿತಿಯನ್ನು ಅವಲೋಕಿಸಿ. ಗೇಟಿನ ಲೆಕ್ಕದಲ್ಲಿ ಒಂದು ಪಾಸು ಆಗಲೇ ಹೊರಗೆ ಹೋಗಿಯಾಗಿತ್ತು, ಉಳಿದದ್ದು ಒಂದು. ಗೇಟಿನ ಒಳಗೆ ಇರುವವರು ಇಬ್ಬರು: ಇಲ್ಲಿ ನಾನು, ಎಲ್ಲೋ ವೀರಮ್ಮ. ಉಳಿದದ್ದರಲ್ಲಿ ನಾನು ಹೊರಗೆ ಹೋಗಿಬಿಟ್ಟರೆ ಅವಳ ಗತಿ? ಪಾಸಿಲ್ಲ, ಫೋನಿಲ್ಲ, ಇಂಗ್ಲಿಷಿಲ್ಲ. ಕಟ್ಟುನಿಟ್ಟಿನ ದೇಶ ಬೇರೆ. ಹೆಂಡತಿಯನ್ನು ಒಳಗೆ ಬಿಟ್ಟು ನಾನೊಬ್ಬ ಹೊರಗೆ ಹೋಗಲಾರೆ ಎಂದು ತೀರ್ಮಾನಿಸಿ, ಪಾಸನ್ನು ಮುಷ್ಟಿಯಲ್ಲಿ ಹಿಡಿದು ಗೇಟಿನ ಒಳಗೇ ನಿಂತೆ.

ಸ್ಟೇಷನ್ನಿನ ಯುವಕನೊಬ್ಬ ಬಂದು, "ಅಂಕಲ್, ಓಕೆ?" ಎಂದ.

"ವೇಟಿಂಗ್ ಫಾರ್ ಮೈ ವೈಫ್," ಎಂದೆ ಗಂಭೀರವಾಗಿ.

ಹತ್ತು ನಿಮಿಷದ ಮೇಲೆ ಮತ್ತೆ ಬಂದ. ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಬರುವಾಗ ಒಂದು ಕುರ್ಚಿ ತಂದುಕೊಟ್ಟ.

ಒಂದೊಂದು ಗಾಡಿ ಬಂದಾಗಲೂ ಎದ್ದು ನಿಂತು ಮೆಟ್ಟಿಲ ಕಡೆ ಕತ್ತು ಚಾಚಿದೆ. ಹನ್ನೊಂದಾಯಿತು. ಹನ್ನೊಂದೂಕಾಲಾಯಿತು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸಿದಾಗ ನಾನು ಕುರ್ಚಿಯಲ್ಲಿ ಕುಸಿದೆ. ದಿಂಬಿಗೆ ಹೆಸರು ಉಸುರುತ್ತಿದ್ದ ಅವಳ ಮುಖ ಕಣ್ಣಿಗೆ ಕಟ್ಟಿತು. ಅಂದು ನಕ್ಕಿದ್ದೆ. ಹನ್ನೊಂದು ವರ್ಷ ಕಾದವಳಿಗೆ ನನ್ನ ಜಂಭದಿಂದ ಆ ಗಳಿಗೆ ತಪ್ಪಿಹೋಯಿತಲ್ಲ ಎಂದು, ಸುಳ್ಳೇಕೆ ಹೇಳಲಿ, ಕಣ್ಣು ಒದ್ದೆಯಾಯಿತು. ಕುರ್ಚಿಯ ಯುವಕ ಕಾಗದದ ಕರವಸ್ತ್ರವನ್ನೂ ತಂದುಕೊಟ್ಟ. ಗಡಿಯಾರ ಹನ್ನೆರಡನ್ನೂ ದಾಟಿತು.

"ರೀ! ಏನ್ರಿ ಇಲ್ಲಿ ಕುಂತೀರಿ?"

ಧ್ವನಿ ಬಂದದ್ದು ಮೆಟ್ಟಿಲ ಕಡೆಯಿಂದಲ್ಲ, ಗೇಟಿನ ಹೊರಗಿನಿಂದ. ಅಲ್ಲಿ ಮೊಳಕಾಲ್ಮುರು ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದು, ತೋಳಿನಲ್ಲಿ ಕೂಸನ್ನು ಹಿಡಿದು ವೀರಮ್ಮ ನಿಂತಿದ್ದಳು. ಹಿಂದೆ ಬೆವರು ಒರೆಸಿಕೊಳ್ಳುತ್ತ ಬಸವೇಶ.

"ನೀನು ಹೊರಗೆ ಹೇಗೆ ಹೋದೆ? ಪಾಸು ನನ್ನ ಹತ್ತಿರ ಇದೆಯಲ್ಲ!"

"ಗಾಡ್ಯಾಗೆ ಪಕ್ಕದಲ್ಲಿದ್ದ ಹುಡುಗಿಗೆ ನಾಮಕರಣದ ಕರೆಯೋಲೆ ತೋರಿಸ್ದೆ. ಇಲ್ಲಿ ಇಳಿಸಿದ್ಲು. ಗೇಟಿನ ಹತ್ರ ಒಬ್ಬಾಕೆ ಟಿಕೆಟ್ ಕೇಳಿದ್ಲು. 'ಹಿಂದೆ ನಮ್ಮ ಯಜಮಾನ್ರು ಬರ್ತಾ ಅವ್ರೆ' ಅಂದೆ. ತಮಿಳಾಕೆ, ಅರ್ಧ ತಿಳೀತು. ಕರೆಯೋಲೆಯಾಗೆ ನಂಬರ್ ಇತ್ತಲ್ಲ, ಆಕೆನೇ ಬಸವೇಶಂಗೆ ಫೋನ್ ಹಚ್ಚಿ, ನಗ್ತಾ ಹೊರಗೆ ಬಿಟ್ಲು. ಒಂಬತ್ತೂಕಾಲಿಗೆ ಉಪ್ಪಿಟ್ಟು ತಿಂತಿದ್ದೆ."

"ಭಾವ," ಎಂದ ಬಸವೇಶ, "ನಾನು ಏರ್‌ಪೋರ್ಟಿಗೆ ಹೋಗಿ ನಿಮ್ಮ ಹೆಸರು ಮೈಕಲ್ಲಿ ಕೂಗ್ಸಿ ಬಂದೆ. ನೀವು ನೋಡಿದ್ರೆ ನಮ್ಮ ಮನೆ ಹತ್ರಾನೇ ಕುರ್ಚಿ ಹಾಕ್ಕಂಡು ಕುಂತೀರಿ! ಆ ಗೇಟಿನಾಕೆ ಈಗ ಮತ್ತೆ ಡ್ಯೂಟಿಗೆ ಬಂದು, ಹೆಂಡ್ತಿಗೆ ಕಾಯ್ತಾ ಕುಂತಿರೋ ನಿಮ್ಮನ್ನ ನೋಡಿ, ಯಜಮಾನ್ರು ಸಿಕ್ಕಿದ್ರು ಅಂತ ಫೋನ್ ಮಾಡಿದ್ರು."

"ಹಾಗಾದರೆ ನಾಮಕರಣ?"

"ಹನ್ನೊಂದೂವರೆಗೆ ಸರಿಯಾಗಿ ಆಯ್ತು. ನೀಲಾಂಬಿಕೆ ಅಂತ."

"ನಾನಿಲ್ಲದೆ?"

"ಕಿವಿ ಕೂಸಿಂದು, ಬಾಯಿ ನಂದು. ಅಲ್ಲಿ ನಿಮಗೇನು ಕೆಲ್ಸ ಇತ್ತು?" ಎಂದಳು ವೀರಮ್ಮ.

ಆಗ ನಾನು ಮುಷ್ಟಿ ಬಿಚ್ಚಿ ಪಾಸು ತೋರಿಸಿದೆ. ಹೊರಗೆ ಹೋಗುವ ದಾರಿ ಕೈಯಲ್ಲಿದ್ದರೂ ಅವಳಿಗಾಗಿ ಹೇಗೆ ಕಾದೆನೆಂದು ವಿವರಿಸಿದೆ. ಅವಳ ಮುಖ ಮೆತ್ತಗಾಯಿತು.

"ನನಗೋಸ್ಕರ ಇಷ್ಟೊತ್ತು ಇಲ್ಲೇ ಕುಂತಿದ್ರಾ?"

"ಹೂಂ," ಎಂದೆ. ಗೆದ್ದೆ ಎಂದುಕೊಂಡೆ.

"ಛೇ, ಹಂಗಾದ್ರೆ ನಾನು ಕೂಸಿಗೆ ಹಂಗನ್ನಬಾರ್ದಿತ್ತು."

"ಏನೆಂದೆ?"

ಅವಳು ತಮ್ಮನ ಮುಖ ನೋಡಿದಳು. ಅವನು ಚಾವಣಿ ನೋಡಿದ.

"ಹೆಸರು ಮೂರು ಸಲ ಹೇಳಿದ್ಮೇಲೆ ಒಂದು ಮಾತು ಜಾಸ್ತಿ ಉಸುರಿಬಿಟ್ಟೆ ಕಣ್ರಿ. 'ನೀಲಾ, ದಾರಿ ಗೊತ್ತಿಲ್ದಿದ್ರೆ ಯಾರನ್ನಾದ್ರೂ ಕೇಳವ್ವ, ನಿಮ್ಮ ಮಾವನಂಗೆ ಮಾಡಬ್ಯಾಡ' ಅಂತ."

ಮೂರು ತಿಂಗಳ ಕೂಸು ಗೇಟಿನ ಆಚೆಯಿಂದ ನನ್ನನ್ನು ನೆಟ್ಟಗೆ ನೋಡಿತು. ನೋಡಿ, ಹಲ್ಲಿಲ್ಲದ ಬಾಯನ್ನು ಅಗಲಿಸಿ ನಕ್ಕಿತು. ನನಗೆ ತಿಳಿಯುತ್ತದೆ, ಮೂವತ್ನಾಲ್ಕು ವರ್ಷ ಅದನ್ನೇ ನೋಡಿದ್ದೇನೆ: ಅದು ಪಾಠ ಅರ್ಥವಾದ ಮಗುವಿನ ನಗು.