ಜಗದೇವಪ್ಪ ಮಾಸ್ತರರ ಫ್ಯಾನ್

ಅಜೀಜಾಬಿ: ಅದೆಲ್ಲಾ ನಂಗೊತ್ತಿಲ್ರಿ ಮಾಸ್ತರ್. ಲುಕ್ಸಾನ ಮಾಡಿದ್ದು ನಿಮ್ಮ ಫ್ಯಾನ್. ನೀವೇ ಜವಾಬ್ದಾರಿ!

ಜಗದೇವಪ್ಪ: ಯಾರ ಫ್ಯಾನ್ ಅಂದ್ರಿ?

ಅಜೀಜಾಬಿ: ನಿಮ್ಮ ಫ್ಯಾನ್! ಮತ್ಯಾರ್ದು, ನಂದಾ? ಆ... ಆಕ್ಷೀ!

ಆಳಂದದ ಆ ಓಣಿಯಲ್ಲಿ ಇಬ್ಬರ ಮನೆಗಳಿಗೂ ಒಂದೇ ಗೋಡೆ. ಗೋಡೆಯಾಚೆಯ ಅಜೀಜಾಬಿ ಕಣ್ಣು ಕೆಂಪಗೆ, ಮೂಗು ಅದಕ್ಕಿಂತ ಕೆಂಪಗೆ ಮಾಡಿಕೊಂಡು ಮಾಸ್ತರರ ಪಡಸಾಲೆಯಲ್ಲಿ ನಿಂತಿದ್ದರು. ಆದರೆ ಜಗದೇವಪ್ಪ ಮಾಸ್ತರರ ಲಕ್ಷ್ಯ ಆ ಮೂಗಿನ ಮೇಲಿರಲಿಲ್ಲ. ‘ನಿಮ್ಮ’ ಮತ್ತು ‘ಫ್ಯಾನ್’ ಎಂಬ ಎರಡು ಮಾತು ಒಟ್ಟಿಗೆ ತಮ್ಮ ಕಿವಿಗೆ ಬಿದ್ದದ್ದು ಅವರ ಜನ್ಮದಲ್ಲಿ ಅದೇ ಮೊದಲು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಮಾಸ್ತರು ಮಕ್ಕಳಿಗೆಂದು ‘ಚಂಪಾಳ ಚಮತ್ಕಾರ ಯಂತ್ರ’ ಎಂಬ ಸಾಹಸ ಕಥೆ ಬರೆದಿದ್ದರು. ಚಂಪಾ ಎಂಬ ಚೂಟಿ ಹುಡುಗಿ ಯಂತ್ರಗಳನ್ನು ಮಾಡಿ ಕಳ್ಳರನ್ನು ಹಿಡಿಯುತ್ತಾಳೆ. ಹಿಡಿಯುವ ಮುಂಚೆ ವಾಯುಭಾರದ ನಿಯಮವನ್ನು ವಿವರವಾಗಿ ಹೇಳುತ್ತಾಳೆ, ಕಳ್ಳರೂ ನಿಂತು ಕೇಳುತ್ತಾರೆ. ಪುಸ್ತಕವನ್ನು ಮಾಸ್ತರು ಕಂಡಕಂಡವರಿಗೆ ಪುಕ್ಕಟೆ ಹಂಚಿದ್ದರು. ಪಡೆದವರನ್ನು ಬಜಾರಿನಲ್ಲಿ ಅಡ್ಡಗಟ್ಟಿ “ಓದಿದ್ರೇನು?” ಎಂದು ಕೇಳಿಯೂ ಇದ್ದರು. ಹೀಗಾಗಿ ಈಗ ಅವರನ್ನು ಕಂಡರೆ ಜನ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಓದಿದ ಕೂಸು ಒಂದಾದರೂ ಸಿಕ್ಕರೆ ಮುಂದೆ ಬರೆಯುತ್ತೇನೆ, ಇಲ್ಲದಿದ್ದರೆ ಇವತ್ತಿಗೇ ಪೆನ್ನು ಮುಚ್ಚುತ್ತೇನೆ ಎಂದು ಅವರು ಅಂದು ಬೆಳಿಗ್ಗೆಯಷ್ಟೇ ಹೆಂಡತಿಗೆ ಹೇಳಿದ್ದರು. ಗುರುಶಾಂತಮ್ಮ ಬೇಡವೆಂದಿರಲಿಲ್ಲ.

ಜಗದೇವಪ್ಪ: ಕುಂದರ್ರಿ ಅಜೀಜಾಬಿ, ಕುಂದರ್ರಿ. ನನ್ನ ಫ್ಯಾನ್ ಏನೇನ್ ಮಾಡ್ತು, ಸಾವಕಾಶ ಹೇಳ್ರಿ. ಒಂದೂ ಬಿಡಬ್ಯಾಡ್ರಿ.

ಅಜೀಜಾಬಿ: ಏನ್ ಹೇಳ್ಲಿ? ವರ್ಷದ ಖಾರ ಕುಟ್ಟಿಸಿ ಹರವಿದ್ದೆ. ಬೀಜ ಬ್ಯಾರೆ, ಪುಡಿ ಬ್ಯಾರೆ ಮಾಡೋ ಮಶೀನ್ ಅಂತ! ಒಮ್ಮೆ ಶುರು ಆತು ನೋಡ್ರಿ, ಖಾರ ಎಲ್ಲಾ ಗಾಳ್ಯಾಗ. ನಾ ಸೀನಾಕತ್ತಿದೆ, ನಮ್ಮ ಸೊಸಿ ವಜೀರುನ್ನಿಸಾ ಸೀನಾಕತ್ತಿತು, ಅಂಗಳದಾಗಿನ ಆಡು ಸೈತ ಸೀನಾಕತ್ತಿತು!

ಮಶೀನ್ ಎಂದೊಡನೆ ಮಾಸ್ತರಿಗೆ ಎಲ್ಲವೂ ಹೊಳೆದುಬಿಟ್ಟಿತು. ಅಜೀಜಾಬಿಯ ಮೊಮ್ಮಗಳು ಕೈನಾತ! ಏಳನೇ ಈಯತ್ತೆಯ ಹುಡುಗಿ, ಗಡಿಯಾರವಾಗಲಿ ಟಾರ್ಚಾಗಲಿ, ಕೈಗೆ ಸಿಕ್ಕರೆ ಬಿಚ್ಚದೆ ಬಿಡುವವಳಲ್ಲ. ಇವಳೇ ತಮ್ಮ ಫ್ಯಾನ್!

ಜಗದೇವಪ್ಪ: ಗುರುಶಾಂತಾ! ಕೇಳಿಸ್ತೇನು? ಚಂಪಾ ಕಳ್ಳರ ಮ್ಯಾಲ ಖಾರ ತೂರೋ ಅಧ್ಯಾಯ ಅದ ನೋಡು, ಹಂಗಂದ್ರ ಹಂಗೇ ಮಾಡ್ಯಾದ!

ಗುರುಶಾಂತಮ್ಮ: (ಅಡುಗೆಮನೆಯ ಬಾಗಿಲಲ್ಲಿ ನಿಂತು) ಅಲ್ರೀ, ಅಜೀಜಾಬಿ ಅನ್ನಾಕತ್ತಿದ್ದು ಬ್ಯಾರೇನ...

ಜಗದೇವಪ್ಪ: ನೀ ಸುಮ್ಮಿರು. ನಿಂಗ ಸಾಹಿತ್ಯದ ಮಾತು ತಿಳಿಯಂಗಿಲ್ಲ.

ಗುರುಶಾಂತಮ್ಮ ಸುಮ್ಮನಾದರು. ಸುಮ್ಮನಿರಲು ಅವರಿಗೆ ಅವರದೇ ಕಾರಣವೂ ಇತ್ತು.

ಜಗದೇವಪ್ಪ: ಅಂದಂಗ ಅಜೀಜಾಬಿ, ಯಾವಾಗಿಂದ ನನ್ನ ಫ್ಯಾನ್?

ಅಜೀಜಾಬಿ: ಇದೇನ್ ಕೇಳ್ತೀರಿ? ಮೊದಲಿಂದ ನಿಮ್ದ ಅಲ್ಲೇನು? ಹಳೇ ಫ್ಯಾನ್.

ಜಗದೇವಪ್ಪ: ಹಳೇ ಫ್ಯಾನ್! (ಕನ್ನಡಕ ತೆಗೆದು ಕಣ್ಣೊರೆಸಿಕೊಂಡು) ಒಂದ ದಿನ ನಂಗ ಬಾಯಿ ಬಿಟ್ಟು ಹೇಳಿಲ್ಲ ನೋಡ್ರಿ ಅದು.

ಅಜೀಜಾಬಿ: ಅದೇನ್ ಹೇಳ್ತದ್ರಿ? ತಲಿ ಅತ್ಲಾಗೊಮ್ಮೆ ಇತ್ಲಾಗೊಮ್ಮೆ ತಿರಗಸ್ತದ, ಅಷ್ಟೇ.

ಜಗದೇವಪ್ಪ: ವಿಚಾರ ಮಾಡೋರ ಲಕ್ಷಣ ಅದು.

ಅಜೀಜಾಬಿ: ಗುರ್ ಅಂತದ.

ಜಗದೇವಪ್ಪ: ನೀವು ನಡುವ ಬಾಯಿ ಹಾಕಿರ್ತೀರಿ. ಶೋಧ ಮಾಡೋ ಮುಂದ ಯಾರಿಗಾದ್ರೂ ಸಿಟ್ಟು ಬರ್ತದ.

ಅಜೀಜಾಬಿ: ಕಿವಿ ಹಿಂಡಿದೆ, ನಿಲ್ಲಲಿಲ್ಲ. ಕಡೀಕ ಬೆನ್ನ ಮ್ಯಾಲ ಎರಡು ಗುದ್ದಿದೆ, ಆಗ ನಿಂತಿತು.

ಜಗದೇವಪ್ಪ: ಛೇ ಛೇ! ತಪ್ಪು ಮಾಡಿದ್ರಿ. ಪ್ರೀತೀಲಿಂದ ಹೇಳಬೇಕಿತ್ತು.

ಅಜೀಜಾಬಿ: ಪ್ರೀತೀಲಿಂದ? ಮಾಸ್ತರ್, ನಿಮ್ಮ ತಬಿಯತ್ ಖರೆ ಅಂದ್ರ ನೆಟ್ಟಗದ ಅಲ್ಲ?

ಮಾಸ್ತರ ತಬಿಯತ್ ಆ ಹೊತ್ತಿನಷ್ಟು ನೆಟ್ಟಗೆ ಹಿಂದೆಂದೂ ಇರಲಿಲ್ಲ. ಅವರು ಎದ್ದು ನಿಂತರು, ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲುತ್ತಿದ್ದಂತೆ.

ಜಗದೇವಪ್ಪ: ಅಜೀಜಾಬಿ, ತಪ್ಪೆಲ್ಲಾ ನಂದು. ನನ್ನಿಂದನೇ ಹಿಂಗಾತು ಅಂತ ಬೇಕಂದ್ರ ಓಣಿ ಮಂದಿ ಮುಂದ ಒಪ್ಕೋತೇನಿ. ಈಗೇ ಕೂಡಸ್ರಿ ಮಂದೀನ.

ತಪ್ಪನ್ನು ಇಷ್ಟು ಹಿಗ್ಗಿನಿಂದ ಒಪ್ಪಿಕೊಳ್ಳುವವರನ್ನು ಅಜೀಜಾಬಿ ಕಂಡಿರಲಿಲ್ಲ. ಜಗಳಕ್ಕೆಂದು ಕಟ್ಟಿಕೊಂಡು ಬಂದ ಮಾತು ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು.

ಅಜೀಜಾಬಿ: ಒಪ್ಕೊಂಡ್ರ ನನ್ನ ಖಾರ ವಾಪಸ್ ಬರ್ತದೇನು?

ಜಗದೇವಪ್ಪ: ಯಾಕ ಬರಂಗಿಲ್ಲ? ಗುರುಶಾಂತಾ, ನಮ್ಮ ಖಾರದ ಡಬ್ಬಿ ತಾ.

ಗುರುಶಾಂತಮ್ಮ: ಯಾವ ಡಬ್ಬಿ? ಬ್ಯಾಡಗಿ ಮೆಣಸಿನಕಾಯಿ ಬಿಸಿಲಿಗಿ ಹಾಕಿ, ತೊಟ್ಟು ಮುರಿದು ಮುರಿದು ನನ್ನ ಕೈ ಬಟ್ಟು ಉರದಾವ. ಅದಾ?

ಜಗದೇವಪ್ಪ: ಅದೇ. ನನ್ನ ಫ್ಯಾನ್ ಮಾಡಿದ ಲುಕ್ಸಾನ ನಾ ತುಂಬಿಕೊಡ್ತೇನಿ.

ಗುರುಶಾಂತಮ್ಮ: ನೋಡ್ರಿ, ಒಂದ ಮಾತು ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ...

ಜಗದೇವಪ್ಪ: ತಾ ಅಂದ್ರ ತಾ!

ಡಬ್ಬಿ ಬಂತು. ಅಜೀಜಾಬಿ ಅದನ್ನು ತಡಮಾಡದೆ ಕಂಕುಳಲ್ಲಿ ಇಟ್ಟುಕೊಂಡರು. ಮಾಸ್ತರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಗೀಚಿ ನೋಡಿದರು. ಮೂಡುತ್ತಿತ್ತು.

ಜಗದೇವಪ್ಪ: ಈಗ ಎಲ್ಲದ ಅದು? ಕಣ್ಣೀಲೆ ಒಮ್ಮೆ ನೋಡ್ತೇನಿ.

ಅಜೀಜಾಬಿ: ಗೋಣಿಚೀಲದಾಗ ಕಟ್ಟಿ ಒಗದೀನಿ.

ಜಗದೇವಪ್ಪ: ಗೋ... ಗೋಣಿಚೀಲದಾಗ?

ಅಜೀಜಾಬಿ: ಮತ್ತೇನ್ ಗಾದಿ ಹಾಸ್ಲಿ? ನಾಳಿಗಿ ಗುಜರಿಯಾವ ಬರ್ತಾನ, ತೂಕಕ್ಕ ಹಾಕಿಬಿಡ್ತೇನಿ. ಕುತಿಗಿ ಬ್ಯಾರೆ ಮುರದದ. ಬಂದಷ್ಟು ಬರ್ಲಿ.

ಮಾಸ್ತರ ಕೈಯಿಂದ ಪೆನ್ನು ಜಾರಿತು. ಅವರು ಕುರ್ಚಿ ಎಲ್ಲಿದೆಯೆಂದು ನೋಡದೆ ಕುಳಿತರು. ಪುಣ್ಯಕ್ಕೆ ಕುರ್ಚಿ ಅಲ್ಲೇ ಇತ್ತು.

ಜಗದೇವಪ್ಪ: ಹುಡುಗೀನ... ಗುಜರಿಗಿ... ತೂಕಕ್ಕ...

ಅಜೀಜಾಬಿ: ಯಾವ ಹುಡುಗಿ?

ಜಗದೇವಪ್ಪ: ಕೈನಾತ!

ಅಜೀಜಾಬಿ: ತೋಬಾ ತೋಬಾ! ಕೈನಾತನ ಯಾಕ ಗುಜರಿಗಿ ಹಾಕ್ಲಿ? ಅದು ಮನ್ಯಾಗ ಕುಂತು ಭಜ್ಜಿ ತಿನ್ನಾಕತ್ತದ. ನಾ ಆವಾಗಿಂದ ಒದರಾಕತ್ತಿದ್ದು ಫ್ಯಾನ್, ಫ್ಯಾನ್! ನಿಮ್ಮ ಟೇಬಲ್ ಫ್ಯಾನ್! ಗುರುಶಾಂತಕ್ಕ ಕೈನಾತಗ ಆಡಾಕ ಕೊಟ್ಟಿದ್ದು, ಅದರಿಂದನೇ ಕೂಸು ಆ ಮಶೀನ್ ಮಾಡಿದ್ದು!

ಯಾರನ್ನು ದೂರುವುದು? ಆ ಸೀಮೆಯ ಮಾತಿನಲ್ಲಿ ಮೊಮ್ಮಗಳೂ ‘ಅದು’, ಸೊಸೆಯೂ ‘ಅದು’, ಆಡೂ ‘ಅದು’, ಫ್ಯಾನೂ ‘ಅದು’. ಮಾಸ್ತರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

ಜಗದೇವಪ್ಪ: ರಿಪೇರಿಗಿ ಹೋಗ್ಯಾದ ಅಂದಿದ್ದಿ?

ಗುರುಶಾಂತಮ್ಮ: ಕೂಸು ಕೇಳ್ತು, ಕೊಟ್ಟೆ. ಇಡೀ ದಿನ ಗುರ್ ಅನ್ನೋದು ಮನ್ಯಾಗ ಒಂದಿದ್ರ ಸಾಕಲ್ಲ?

ಮಾಸ್ತರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೇ ಬಂದಂತಾಯಿತು. ಅಷ್ಟು ಹೊತ್ತು ಅವರಿಗೆ ಓದಿದ ಕೂಸು ಒಂದಿತ್ತು. ಈಗ ಇಲ್ಲ.

ಜಗದೇವಪ್ಪ: ಹಂಗಂದ್ರ ಕೈನಾತ ನನ್ನ ಪುಸ್ತಕ ಓದೇ ಇಲ್ಲ?

ಅಜೀಜಾಬಿ: ಯಾವ ಪುಸ್ತಕ?

ಜಗದೇವಪ್ಪ: ಹೋಗ್ಲಿ ಬಿಡ್ರಿ. ಆ ಖಾರದ ಡಬ್ಬಿ ಇತ್ಲಾಗ ಕೊಡ್ರಿ.

ಅಜೀಜಾಬಿ: ಯಾಕ? ಫ್ಯಾನ್ ನಿಮ್ದ ಹೌದಲ್ಲ?

ಡಬ್ಬಿ ಕಂಕುಳಲ್ಲೇ ಉಳಿಯಿತು. ಆದರೆ ಅಜೀಜಾಬಿ ಕೆಟ್ಟವರೇನಲ್ಲ. ಹೊಸ್ತಿಲು ದಾಟಹೊರಟವರು ಮಾಸ್ತರ ಮುಖ ನೋಡಿ ನಿಂತರು.

ಅಜೀಜಾಬಿ: ಎದರ ಮ್ಯಾಲ ಬರ್ದೀರಿ ಪುಸ್ತಕ?

ಜಗದೇವಪ್ಪ: ಒಂದು ಹುಡುಗಿ. ಥರಾವರಿ ಯಂತ್ರ ಮಾಡ್ತದ.

ಗುರುಶಾಂತಮ್ಮ: ಬ್ಯಾಡವಾ ಅಜೀಜಾಬಿ! ಅದನ್ನ ಓದಿದ್ರ ನಿಮ್ಮ ಕೈನಾತ ನಾಳಿಗಿ ಮನೀನ ಹಾರಸ್ತದ.

ಅಜೀಜಾಬಿ: ತಡೀರಿ ಅಕ್ಕಾ. ಮಾಸ್ತರ್, ಅದರಾಗ ವಿಜ್ಞಾನ ಎಲ್ಲಾ ಬಿಡಿಸಿ ಹೇಳೀರೇನು?

ಜಗದೇವಪ್ಪ: (ತುಸು ಚೇತರಿಸಿಕೊಂಡು) ಒಂದೊಂದು ಯಂತ್ರಕ್ಕೂ ನಿಯಮ, ಸೂತ್ರ, ಉದಾಹರಣೆ. ಅಧ್ಯಾಯ ಮುಗದ ಮ್ಯಾಲ ಅಭ್ಯಾಸದ ಪ್ರಶ್ನೆ.

ಅಜೀಜಾಬಿ: ಸಾಲ್ಯಾಗ ಹೇಳ್ತಿದ್ದಿರಲ್ಲ, ಹಂಗೇ?

ಜಗದೇವಪ್ಪ: ಹಂಗೇ. ಒಂದಕ್ಷರ ಫರಕ್ ಇಲ್ಲ.

ಅಜೀಜಾಬಿಯ ಕೆಂಪು ಮುಖ ಹಿಗ್ಗಿನಿಂದ ಅರಳಿತು.

ಅಜೀಜಾಬಿ: ಹಂಗಾರ ಕೊಡ್ರಿ, ಈಗಿಂದೀಗ ಕೊಡ್ರಿ! ನನ್ನ ಮಗ ಹುಸೇನಸಾಬ ಸಣ್ಣವಿದ್ದಾಗ ಕೈನಾತನಂಗೇ ಇದ್ದ. ರೇಡಿಯೋ ಬಿಚ್ಚಾಂವ, ಮೋಟಾರ್ ಬಿಚ್ಚಾಂವ, ಹೊಡದ್ರೂ ಕೇಳ್ತಿದ್ದಿಲ್ಲ. ನಿಮ್ಮ ಕ್ಲಾಸಿಗಿ ಬಂದ ನೋಡ್ರಿ, ವರ್ಷ ತುಂಬೂದ್ರಾಗ ಆ ಹುಚ್ಚು ಬಿಟ್ಟು ಪೂರಾ ಆರಾಮ ಆದ! ಇವತ್ತಿಗೂ ಬಲ್ಬ್ ಹಾಕಬೇಕಂದ್ರ ಹೆಂಡ್ತೀನ ಕರೀತಾನ.

ಗುರುಶಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಮಾಸ್ತರು ಕುರ್ಚಿಯಿಂದ ಎದ್ದರು. ಆಮೇಲೆ ಬಗ್ಗಿ ಪೆನ್ನು ಎತ್ತಿಕೊಂಡರು, ಕಪಾಟಿನಿಂದ ಪುಸ್ತಕ ತೆಗೆದು ಧೂಳು ಜಾಡಿಸಿದರು, ಮೊದಲ ಪುಟದಲ್ಲಿ ದುಂಡಗೆ ಸಹಿ ಮಾಡಿದರು.

ಜಗದೇವಪ್ಪ: ಅಜೀಜಾಬಿ, ಒಂದ ಪ್ರತಿ ಸಾಕಾಗ್ತದೇನ್ರಿ?