ದೊಡ್ಡಪ್ಪನ ಒಂದನೇ ತರಗತಿ

ನಮ್ಮ ದೊಡ್ಡಪ್ಪ ಒಂದನೇ ತರಗತಿಯಲ್ಲಿ ಫೇಲಾದದ್ದು ಅರವತ್ತೆಂಟನೇ ವಯಸ್ಸಿನಲ್ಲಿ! ನಂಬುವುದಿಲ್ಲವೇ? ಸಾಕ್ಷಿ ಇದೆ. "ಮನೆಯ ವಿದ್ಯಾರ್ಥಿ ಇನ್ನೂ ಕಲಿತಿಲ್ಲ" ಎಂದು ಶಾಲೆಯ ಸಿಸ್ಟರ್ ಒಬ್ಬರು ಕೆಂಪು ಶಾಯಿಯಲ್ಲಿ ಬರೆದ ವಹಿ ಈಗಲೂ ಅವರ ಟ್ರಂಕಿನಲ್ಲಿದೆ. ಬೇರೆ ಯಾರಾದರೂ ಆಗಿದ್ದರೆ ಊರಲ್ಲಿ ತಲೆ ತಗ್ಗಿಸಿ ಓಡಾಡುತ್ತಿದ್ದರು. ಇವರು ಬಂದವರಿಗೆಲ್ಲ ಅದನ್ನು ತೆಗೆದು ತೋರಿಸುತ್ತಾರೆ.

ಅವರ ಮೊಮ್ಮಗಳು ಓದುವುದು ನಮ್ಮ ಶಹಾಬಾದದ ಒಂದು ಕ್ರೈಸ್ತ ಶಾಲೆಯಲ್ಲಿ. ಅಲ್ಲಿ ಎಲ್ಲ ಪಾಠವೂ ಎರಡು ಸಲ. ಊಟದ ಬಿಡುವಿನ ತನಕ ಕನ್ನಡದಲ್ಲಿ, ಬಿಡುವಾದ ಮೇಲೆ ಅದೇ ಪಾಠ ಇಂಗ್ಲಿಷಿನಲ್ಲಿ. ಬೆಳಿಗ್ಗೆ ಸುರಿದ ಮಳೆ ಮಧ್ಯಾಹ್ನ ರೇನ್ ಆಗಿ ಮತ್ತೊಮ್ಮೆ ಸುರಿಯುತ್ತದೆ. ಇದರ ಮೇಲೆ ಮೂರನೆಯ ಸುತ್ತು ಮನೆಯಲ್ಲಿ. ಆ ದಿನ ಕಲಿತದ್ದನ್ನು ಮಗು ಸಂಜೆ ಮನೆಯ ಒಬ್ಬ ದೊಡ್ಡವರಿಗೆ ಎರಡೂ ಭಾಷೆಯಲ್ಲಿ ಕಲಿಸಬೇಕು. ಕಲಿತವರು ವಹಿಯಲ್ಲಿ ಕನ್ನಡದ ಖಾನೆಗೊಂದು, ಇಂಗ್ಲಿಷಿನ ಖಾನೆಗೊಂದು ಸೈ ಮಾಡಬೇಕು. ಉಳಿದ ಮನೆಗಳಲ್ಲಿ ಇದೇನೂ ಕಷ್ಟದ ಕೆಲಸವಲ್ಲ. ಭಾನುವಾರ ಚಹಾ ಕುಡಿಯುತ್ತ ಇಡೀ ವಾರದ ಸೈಗಳನ್ನು ಗೀಚಿ ಮುಗಿಸುತ್ತಾರೆ. ನಮ್ಮ ಹುಡುಗಿ ಆರಿಸಿಕೊಂಡದ್ದು ದೊಡ್ಡಪ್ಪನನ್ನು.

ಅವರ ಕಸುಬಿನ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. ನಲವತ್ತು ವರ್ಷ ಅವರು ನೆಲಕ್ಕೆ ಹಾಸುವ ಫರಸಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕಲ್ಲು ಪಾಸ್ ಮಾಡುವವರಾಗಿದ್ದರು. ಬೆರಳು ಮಡಿಸಿ ಒಂದೊಂದು ಹಾಸುಗಲ್ಲನ್ನೂ ಮೂರು ಸಲ ಬಡಿದು, ಕಿವಿಯಿಟ್ಟು ಕೇಳುವುದು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕಿದ್ದರೆ ದಬ್. ಠಣ್ ಎಂದದ್ದಕ್ಕೆ ಸೀಮೆಸುಣ್ಣದಲ್ಲಿ ಒಂದು ರೈಟ್ ಗುರುತು. ದಬ್ ಎಂದ ಒಂದೇ ಒಂದು ಕಲ್ಲು ಒಳಸೇರಿದೆಯೆಂದು, ಹೊರಡಲು ನಿಂತ ಲಾರಿಯ ಲೋಡನ್ನೇ ಇಳಿಸಿದವರು ಅವರು. ಕೆಲಸ ಬಿಟ್ಟಾಗ ಅಲ್ಲಿಂದ ಜೊತೆಗೆ ಬಂದದ್ದು ಅಂಗಿಯ ಕಿಸೆಯಲ್ಲೊಂದು ಸೀಮೆಸುಣ್ಣದ ತುಂಡು, ಬಿಳಿ ಧೂಳಿನ ಒಂದು ಕೆಮ್ಮು, ಮತ್ತು ಈ ಬಡಿಯುವ ಚಾಳಿ. ಮನೆಗೆ ಬಂದ ಕಲ್ಲಂಗಡಿಯನ್ನಾಗಲಿ ಹೊಸ ಗಡಿಗೆಯನ್ನಾಗಲಿ ಅವರು ಹಾಗೇ ಬಿಟ್ಟದ್ದಿಲ್ಲ. ನನ್ನನ್ನು ನೋಡಲು ಚಿತ್ತಾಪುರದಿಂದ ವರ ಬಂದಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರು ಅಕ್ಕರೆಯಿಂದ ಎಂಬಂತೆ ಹುಡುಗನ ಬೆನ್ನಿಗೆ ಮೂರು ಸಲ ತಟ್ಟಿ ಒಳಗೆ ಬಂದು, "ನಡೀತದ" ಎಂದರು. ಹನ್ನೆರಡು ವರ್ಷವಾಯಿತು, ನಡೆಯುತ್ತಲೇ ಇದೆ.

ಇಂಥವರ ಮುಂದೆ ಆ ಹುಡುಗಿ ವಹಿ ಹಿಡಿದು ನಿಂತಳು. ಅವಳೋ ಮಾತೇ ಆಡದವಳು. ತರಗತಿಯಲ್ಲಿ ಹೆಸರು ಕೂಗಿದರೆ ಬಾಯಿ ಬಿಡದೆ ಕೈ ಎತ್ತುತ್ತಿದ್ದಳು. ಮುತ್ಯಾ ಎಂದು ಅವಳು ಕರೆಯುವ ಈ ಅಜ್ಜನ ಹತ್ತಿರ ಮಾತ್ರ ಪಿಸುಮಾತು. ಮೊದಲ ದಿನ ಗಿಡದ ಭಾಗಗಳ ಪಾಠವನ್ನು ಹಾಗೆ ಪಿಸುಗುಟ್ಟಿ ಮುಗಿಸಿ ಪೆನ್ಸಿಲ್ ಕೊಟ್ಟಳು. ದೊಡ್ಡಪ್ಪ ಪೆನ್ಸಿಲ್ ವಾಪಸು ಕೊಟ್ಟರು. ಬೇರು ನೀರು ಕುಡಿಯುತ್ತದೆ ಎಂದರೆ ಅದಕ್ಕೆ ಬಾಯಿ ಎಲ್ಲಿದೆ ಎಂದು ಅವರ ಪ್ರಶ್ನೆ. ಅದು ತಿಳಿಯಲು ನಾಲ್ಕು ದಿನ ಹಿಡಿದು, ಕನ್ನಡದ ಖಾನೆಗೆ ಸೈ ಬಿತ್ತು. ಇಂಗ್ಲಿಷಿನಲ್ಲಿ ರೂಟ್ ತನಕ ತಿಳಿಯಿತಂತೆ, ಅದರ ಮೇಲಿನದು ಇಲ್ಲವಂತೆ. ಅಷ್ಟರಲ್ಲಿ ಶಾಲೆ ಗಿಡ ಬಿಟ್ಟು ಪ್ರಾಣಿಗೆ, ಪ್ರಾಣಿ ಬಿಟ್ಟು ವಾಹನಕ್ಕೆ ಹೋಗಿತ್ತು. ತಾಯಿ ತಾನೇ ಸೈ ಮಾಡಹೋದರೆ ಹುಡುಗಿ ವಹಿ ಕಸಿದುಕೊಂಡಳು. ಮುತ್ಯಾ ಕಲಿಯದೆ ಸೈ ಬೀಳುವಂತಿಲ್ಲ. ಅವರ ರಕ್ತವೇ ಅಲ್ಲವೇ!

ಕ್ರಿಸ್‌ಮಸ್ ರಜೆಗೆ ಮುಂಚೆ ಶಾಲೆಯಿಂದ ಕರೆ ಬಂತು. ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟ ದೊಡ್ಡಪ್ಪನ ಜೊತೆ, ಪಕ್ಕದ ಬೀದಿಯಲ್ಲೇ ಇರುವ ನಾನೂ ಹೋದೆ. ಖಾಲಿ ಖಾನೆಗಳನ್ನು ನೋಡಿದ ಸಿಸ್ಟರ್, ಹುಡುಗಿ ಮನೆಯಲ್ಲೂ ಬಾಯಿ ಬಿಡುವುದಿಲ್ಲ ಎಂದೇ ತಿಳಿದಿದ್ದರು. ಹೀಗಾದರೆ ಇನ್ನೊಂದು ವರ್ಷ ಒಂದನೆಯದರಲ್ಲೇ ಇರಲಿ, ಮಾರ್ಚಿನೊಳಗೆ ವಹಿ ತುಂಬಿದರೆ ಮಾತ್ರ ಎರಡನೆಯದಕ್ಕೆ ಕಳಿಸೋಣ ಎಂದರು. ನಾನು ದೊಡ್ಡಪ್ಪನನ್ನು ಮೊಣಕೈಯಿಂದ ತಿವಿದೆ. ಸೈ ಮಾಡಿಬಿಡಿ ಎಂದರ್ಥ. ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದ ಅವರು ಮಿಸುಕಲಿಲ್ಲ.

"ಬಡದು ನೋಡ್ಲಾರದ ನಾ ಒಂದು ಫರಸಿ ಸೈತ ಪಾಸ್ ಮಾಡಿಲ್ಲರಿ ಸಿಸ್ಟರ್," ಎಂದರು. "ಇಕಿ ಭಾಳ ಛಲೋ ಹೇಳ್ತಾಳ. ನಂಗೇ ತಿಳೀಲಿಕತ್ತಿಲ್ಲ. ಫೇಲ್ ಮಾಡೂದಿದ್ರ ನನಗ ಮಾಡ್ರಿ."

ಸಿಸ್ಟರ್ ಕೆಂಪು ಪೆನ್ನು ತೆಗೆದು ವಹಿಯಲ್ಲಿ ಹಾಗೆಯೇ ಬರೆದರು. ಮಾರ್ಚಿನ ಗಡುವನ್ನು ಮಾತ್ರ ಸಡಿಲಿಸಲಿಲ್ಲ. ದಾರಿಯುದ್ದಕ್ಕೂ ನಾನು ಬೈದೆ. ಒಂದು ಗೀಟು ಎಳೆದರೆ ಇವರ ಗಂಟೇನು ಹೋಗುತ್ತಿತ್ತು? ಮಗುವಿನ ಒಂದು ವರ್ಷ ಹಾಳಾಗುತ್ತದಲ್ಲ! ದೊಡ್ಡಪ್ಪ ಕೆಮ್ಮುತ್ತ ನಡೆದರು.

ರಜೆ ಮುಗಿದ ಮೇಲೆ ನೀತಿಪಾಠ ಬಂತು. ನೂರು ಕುರಿ ಕಾಯುವವನೊಬ್ಬ ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋದ ಕಥೆ. ಕೇಳಿದವರೆಲ್ಲ ಅವನ ಕರುಣೆಗೆ ಕರಗುತ್ತಾರೆ. ದೊಡ್ಡಪ್ಪ ಕರಗಲಿಲ್ಲ. ಉಳಿದ ತೊಂಬತ್ತೊಂಬತ್ತನ್ನು ಯಾರ ಕೈಯಲ್ಲಿ ಬಿಟ್ಟು ಹೋದ? ತೋಳ ಬಂದಿದ್ದರೆ? ಅದು ಪುಸ್ತಕದಲ್ಲಿರಲಿಲ್ಲ. ಸೈ ಬೇಕಾದರೆ ಕೇಳಿಕೊಂಡೇ ಬರಬೇಕು. ಮರುದಿನ ನಡೆದದ್ದನ್ನು ಸಿಸ್ಟರೇ ಆಮೇಲೆ ನನಗೆ ಹೇಳಿದರು. ಪ್ರಾರ್ಥನೆ ಮುಗಿದು ಎಲ್ಲರೂ ಕುಳಿತರೂ ಇವಳೊಬ್ಬಳು ನಿಂತೇ ಇದ್ದಳಂತೆ. ಅಂಗಿಯ ಅಂಚನ್ನು ಹಿಂಡುತ್ತ ಎಷ್ಟೋ ಹೊತ್ತು ನಿಂತು, ಕೊನೆಗೆ ಇಡೀ ತರಗತಿಗೆ ಕೇಳುವಂತೆ ಆ ತೊಂಬತ್ತೊಂಬತ್ತು ಕುರಿಗಳ ಗತಿ ಏನಾಯಿತೆಂದು ಕೇಳಿದಳಂತೆ. ಶಾಲೆಯಲ್ಲಿ ಅವಳಾಡಿದ ಮೊದಲ ಮಾತು ಅದು. ಸಿಸ್ಟರ್ ಒಂದು ದಿನದ ಪುರುಸೊತ್ತು ಪಡೆದು, ಅವು ಒಂದನ್ನೊಂದು ನೋಡಿಕೊಂಡವು ಎಂದು ಉತ್ತರ ಕಳಿಸಿದರು. ದೊಡ್ಡಪ್ಪ ಬಹಳ ಯೋಚಿಸಿ, ಕುರಿಗಳ ಮಟ್ಟಿಗೆ ಅದು ನಿಜ ಎಂದು ಒಪ್ಪಿ ಸೈ ಮಾಡಿದರು.

ಆಮೇಲೆ ಹುಡುಗಿಯ ದನಿ ಏರುತ್ತ ಹೋಯಿತು. ಹಳೆಯ ಪಾಠಗಳನ್ನೆಲ್ಲ ಒಂದೊಂದಾಗಿ ಹೊರತೆಗೆದು, ಮುತ್ಯಾನ ಅಡ್ಡ ಪ್ರಶ್ನೆಗಳಿಗೆ ಎರಡೂ ಭಾಷೆಯಲ್ಲಿ ಗಂಟಲು ಹರಿದುಕೊಂಡು ಉತ್ತರ ಹೇಳುತ್ತಿದ್ದಳು. ನಡುನಡುವೆ ದೊಡ್ಡಪ್ಪನ ಕೆಮ್ಮೂ ಏರುತ್ತಿತ್ತು. ಕಲಬುರಗಿಯ ಡಾಕ್ಟರು ಎದೆಯ ಫೋಟೋ ನೋಡಿ ಹೇಳಿದ್ದು ಮನೆಯ ದೊಡ್ಡವರಿಗೆಲ್ಲ ಗೊತ್ತಿತ್ತು. ಮಗುವಿನ ಮುಂದೆ ಯಾರೂ ಅದನ್ನು ಆಡಿರಲಿಲ್ಲ.

ವಹಿ ಒಪ್ಪಿಸುವ ಹಿಂದಿನ ಸಂಜೆ ಒಂದೇ ಒಂದು ಪಾಠ ಉಳಿದಿತ್ತು. ನಾವು ಹೇಗೆ ಉಸಿರಾಡುತ್ತೇವೆ ಎಂಬುದು. ಕಟ್ಟೆಯ ಮೇಲೆ ಕುಳಿತು ಅವಳು ಎದೆಗೂಡಿನ ಚಿತ್ರ ತೆರೆದಳು. ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ವಹಿ ಎಳೆದುಕೊಂಡು ಎರಡೂ ಖಾನೆಗಳಿಗೆ ಸೈ ಹಾಕಿಬಿಟ್ಟರು. ಇಡೀ ವರ್ಷದಲ್ಲಿ ಹೀಗಾಗಿರಲಿಲ್ಲ.

"ಇದು ನಂಗ ಗೊತ್ತದವ್ವ," ಎಂದರು.

ಹುಡುಗಿ ರಬ್ಬರ್ ತೆಗೆದು ಎರಡೂ ಸೈ ಅಳಿಸಿದಳು. "ನೀ ಏನೂ ಕೇಳೇ ಇಲ್ಲ ಮುತ್ಯಾ."

ತಾವೇ ಕಲಿಸಿದ ನೇಮ, ಈಗ ಎಲ್ಲಿಗೆ ಹೋಗುತ್ತಾರೆ? ಸುಮ್ಮನೆ ಕೇಳಿಸಿಕೊಂಡರು. ಎದೆಯಲ್ಲಿ ಎರಡು ಶ್ವಾಸಕೋಶ, ಟೂ ಲಂಗ್ಸ್. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಧೂಳು ಒಳಗೆ ಹೋಗಬಾರದು. ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದರು.

"ಹೋಗಿ ಕುಂತಿದ್ರ?"

ಅವಳು ಪುಟ ಮಗುಚಿ ನೋಡಿದಳು. ಅಲ್ಲಿ ಉತ್ತರವಿರಲಿಲ್ಲ. ಸಿಸ್ಟರನ್ನು ಕೇಳಿ ಬರಲು ದಿನವೂ ಉಳಿದಿರಲಿಲ್ಲ. ಬೆರಳು ಮಡಿಸಿ, ಮುತ್ಯಾನ ಎದೆಗೆ ಮೂರು ಸಲ ಬಡಿದು ಕಿವಿಯಿಟ್ಟಳು. ಅಂಗಳದ ಒಂದೊಂದು ಕಲ್ಲನ್ನೂ ಬಡಿಸಿ, ಠಣ್ ಯಾವುದು ದಬ್ ಯಾವುದು ಎಂದು ಅವಳಿಗೆ ಕಲಿಸಿದವರು ಅವರೇ. ಹೊಸ್ತಿಲಲ್ಲಿ ನಿಂತಿದ್ದ ನನಗೆ ಅವಳ ಮುಖ ಕಾಣುತ್ತಿತ್ತು. ಅವಳಿಗೆ ಕೇಳಿಸಿತ್ತು. ತಲೆ ಎತ್ತಲಿಲ್ಲ. ಹಾಗೆಯೇ ಅವರ ಕಿಸೆಗೆ ಕೈ ಹಾಕಿ ಸೀಮೆಸುಣ್ಣ ತೆಗೆದು, ಅಂಗಿಯ ಎದೆಯ ಮೇಲೆ ದೊಡ್ಡದೊಂದು ರೈಟ್ ಗುರುತು ಹಾಕಿದಳು.

"ಪಾಸ್," ಎಂದಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

ಒಂದು ಕಲ್ಲಿಗಾಗಿ ಲಾರಿ ಇಳಿಸಿದ ದೊಡ್ಡಪ್ಪ ಆ ಗುರುತನ್ನೇ ನೋಡುತ್ತ ಕುಳಿತರು. ಅಳಿಸಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಎರಡೂ ಖಾನೆಗಳಲ್ಲಿ ನಿಧಾನವಾಗಿ ಸೈ ಮಾಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಈಗ ಇಬ್ಬರೂ ಎರಡನೇ ತರಗತಿಯಲ್ಲಿದ್ದಾರೆ. ಕೆಮ್ಮು ಬಂದರೆ ಅವಳು ನಿಲ್ಲಿಸಿ ಕಾಯುತ್ತಾಳೆ, ನಿಂತ ಮೇಲೆ ಪಾಠ ಮುಂದುವರಿಸುತ್ತಾಳೆ. ಆ ಅಂಗಿಯನ್ನು ದೊಡ್ಡಪ್ಪ ಒಗೆಯಲು ಕೊಡಲೇ ಇಲ್ಲ. ಫೇಲಾದ ವಹಿ ಇರುವ ಟ್ರಂಕಿನಲ್ಲೇ ಅದನ್ನೂ ಮಡಿಸಿಟ್ಟಿದ್ದಾರೆ. ಅದನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ.